ಪುರಸಭೆ ಚುನಾವಣೆಗೆ ನಿಲ್ಲಬೇಕೆ? ಓಣಿಯಿಂದ ಶುರು ಮಾಡಿ

ಪುರಸಭೆ ಚುನಾವಣೆ ಹತ್ತಿರ ಬಂದಾಗಲೆಲ್ಲ ಚಹಾ ಅಂಗಡಿ ಮುಂದೆ ಒಂದೇ ಮಾತು ಕೇಳುತ್ತದೆ. "ಅದಕ್ಕೆಲ್ಲ ದುಡ್ಡು ಬೇಕು, ಜಾತಿ ಬೇಕು, ನಮ್ಮಂಥವರಿಗಲ್ಲ ಬಿಡು." ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಗೆಳೆಯನೊಬ್ಬ ಪಕ್ಷೇತರನಾಗಿ ನಿಂತ. ಅವನ ಜೊತೆ ಮನೆ ಮನೆ ತಿರುಗಿದೆ. ಮೊದಲ ಸಲ ಸೋತ, ಎರಡನೇ ಸಲ ಗೆದ್ದ. ಆ ಎರಡು ಚುನಾವಣೆಗಳ ನಡುವೆ ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಉತ್ತರ ಕರ್ನಾಟಕದ ಒಂದು ಪುರಸಭೆ. ನಗರಸಭೆ, ಪಟ್ಟಣ ಪಂಚಾಯಿತಿಗೂ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯೇ ಅನ್ವಯಿಸುತ್ತದೆ. ಹಾಗಾಗಿ ಹೆಚ್ಚಿನ ಮಾತು ಅಲ್ಲಿಗೂ ಹೊಂದುತ್ತದೆ. ಮಹಾನಗರ ಪಾಲಿಕೆಗಳಿಗೆ 1976ರ ಬೇರೆ ಕಾಯ್ದೆ ಇದೆ. ಬೆಂಗಳೂರಿನ ಕಥೆ ಮತ್ತೂ ಬೇರೆ.

ಮೊದಲು ಒಂದು ಲೆಕ್ಕ

ಪೆನ್ನು ತೆಗೆದುಕೊಳ್ಳಿ. ನಿಮ್ಮೂರಲ್ಲಿ 35 ಸಾವಿರ ಜನ, 23 ವಾರ್ಡು ಎಂದುಕೊಳ್ಳಿ. ಒಂದು ವಾರ್ಡಿಗೆ ಸುಮಾರು 1,500 ಜನ. ಮಕ್ಕಳನ್ನು ಬಿಟ್ಟರೆ 1,100 ಮತದಾರರು. ನೂರಕ್ಕೆ 75 ಮಂದಿ ಬಂದರೆ 825 ಮತ. ನಾಲ್ವರು ನಿಂತರೆ 300ರಿಂದ 350 ಮತ ಬಿದ್ದವರು ಗೆಲ್ಲುತ್ತಾರೆ. ಮನೆಗೆ ಮೂರು ಮತ ಎಂದರೂ ನೂರರಿಂದ ನೂರಿಪ್ಪತ್ತು ಮನೆ.

ನೂರಿಪ್ಪತ್ತು ಮನೆ ಅಂದರೆ ಒಂದು ಮದುವೆ ಕಾರ್ಡು ಹಂಚಿದಷ್ಟು. ಈ ಲೆಕ್ಕ ಮಾಡಿದ ದಿನ ನಮ್ಮ ಅರ್ಧ ಹೆದರಿಕೆ ಹೋಯಿತು. ಅದರ ಜೊತೆಗೇ ಇನ್ನೊಂದು ವಿಷಯವೂ ಹೊಳೆಯಿತು. ಇಷ್ಟು ಸಣ್ಣ ಲೆಕ್ಕದಲ್ಲಿ ದೊಡ್ಡ ಭಾಷಣ, ದೊಡ್ಡ ಬ್ಯಾನರು ಏನೂ ಮಾಡವು. ಆ ನೂರಿಪ್ಪತ್ತು ಮನೆಯವರಿಗೆ ನಿಮ್ಮ ಮುಖ ಗೊತ್ತಿರಬೇಕು, ನಿಮಗೆ ಅವರ ಗಟಾರ ಗೊತ್ತಿರಬೇಕು.

ಮೀಸಲಾತಿ ಪಟ್ಟಿ ಬರುವವರೆಗೆ ಒಂದೇ ವಾರ್ಡನ್ನು ನೆಚ್ಚಬೇಡಿ

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಎ ಮತ್ತು ಬಿ, ಸಾಮಾನ್ಯ ಎಂದು ವಾರ್ಡುಗಳನ್ನು ಸರ್ಕಾರ ಹಂಚುತ್ತದೆ. ಪ್ರತಿ ಗುಂಪಿನ ಒಳಗೂ ಅರ್ಧದಷ್ಟು ಮಹಿಳೆಯರಿಗೆ. ಪಟ್ಟಿ ಪ್ರತಿ ಸಲ ತಿರುಗುತ್ತದೆ. ಐದು ವರ್ಷ ಒಂದೇ ವಾರ್ಡಿನಲ್ಲಿ ಬೆವರು ಸುರಿಸಿದವನಿಗೆ ಕೊನೆಗೆ ಅದು "ಹಿಂದುಳಿದ ವರ್ಗ ಎ ಮಹಿಳೆ" ಎಂದು ಬಂದರೆ ತಲೆ ಮೇಲೆ ಕೈ.

ಇದಕ್ಕೆ ದಾರಿ ಇದೆ. ಊರಿನ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೆ ಅದೇ ಪುರಸಭೆಯ ಬೇರೆ ವಾರ್ಡಿನಲ್ಲೂ ನಿಲ್ಲಬಹುದು. ನಾಮಪತ್ರದಲ್ಲಿ ನಿಮ್ಮ ಹೆಸರು ಸೂಚಿಸಿ ಸಹಿ ಹಾಕುವ ಸೂಚಕರು ಮಾತ್ರ ನೀವು ನಿಲ್ಲುವ ವಾರ್ಡಿನ ಮತದಾರರಾಗಿರಬೇಕು. ಆದ್ದರಿಂದ ನಿಮ್ಮ ಓಣಿಗೆ ಅಂಟಿಕೊಂಡ ಎರಡು ಮೂರು ವಾರ್ಡುಗಳಲ್ಲೂ ಕೆಲಸ ಮಾಡಿ. ಹೇಗೂ ಗಟಾರ ವಾರ್ಡಿನ ಗಡಿ ನೋಡಿ ಹರಿಯುವುದಿಲ್ಲ.

ಇಲ್ಲಿ ಒಂದು ಮಾತು. ವಾರ್ಡು ಮಹಿಳೆಗೆ ಹೋಯಿತು ಎಂದು ಹೆಂಡತಿಯ ಹೆಸರಲ್ಲಿ ಅರ್ಜಿ ಹಾಕಿ, ಗೆದ್ದ ಮೇಲೆ ತಾನೇ ಪುರಸಭೆಯಲ್ಲಿ ಓಡಾಡುವ ಗಂಡಂದಿರನ್ನು ಎಲ್ಲ ಊರಲ್ಲೂ ನೋಡಿದ್ದೇವೆ. ದಯವಿಟ್ಟು ಅದನ್ನು ಮಾಡಬೇಡಿ. ಸ್ತ್ರೀಶಕ್ತಿ ಸಂಘದ ಲೆಕ್ಕಪುಸ್ತಕ ಹತ್ತು ವರ್ಷ ನೋಡಿಕೊಂಡ ಹೆಣ್ಣುಮಗಳು ನಿಮ್ಮ ಓಣಿಯಲ್ಲೇ ಇದ್ದಾಳೆ. ಅವಳನ್ನು ನಿಲ್ಲಿಸಿ, ನೀವು ಕರಪತ್ರ ಹಂಚಿ.

ಕಾಗದ ಪತ್ರ

ವಯಸ್ಸು 21 ತುಂಬಿರಬೇಕು. ಸರ್ಕಾರಿ ನೌಕರಿಯಲ್ಲಿ ಇರಬಾರದು. ಪುರಸಭೆಯ ಗುತ್ತಿಗೆಯಲ್ಲಿ ಪಾಲು ಇರಬಾರದು. ಪುರಸಭೆಗೆ ಕೊಡಬೇಕಾದ ತೆರಿಗೆ ಬಾಕಿ ಉಳಿಸಿರಬಾರದು. ಈ ಕೊನೆಯದರಲ್ಲೇ ಜಾಸ್ತಿ ಜನ ಎಡವುತ್ತಾರೆ. ಮನೆ ಕಂದಾಯ ಕಟ್ಟಿರುತ್ತಾರೆ, ನೀರಿನ ಕರ ಮರೆತಿರುತ್ತಾರೆ. ಇಲ್ಲವೇ ತಂದೆಯ ಹೆಸರಿನ ಅಂಗಡಿಯ ಬಾಡಿಗೆ ಬಾಕಿ ಇರುತ್ತದೆ. ಆರು ತಿಂಗಳು ಮೊದಲೇ ಎಲ್ಲ ಕಟ್ಟಿ ಬೇಬಾಕಿ ಪ್ರಮಾಣಪತ್ರ ತೆಗೆದುಕೊಳ್ಳಿ.

ಮೀಸಲು ವಾರ್ಡಾದರೆ ತಹಶೀಲ್ದಾರರಿಂದ ಜಾತಿ ಪ್ರಮಾಣಪತ್ರ ಬೇಕು. ಆಸ್ತಿ, ಸಾಲ, ಓದು, ಪೊಲೀಸ್ ಕೇಸು ಎಲ್ಲ ಬರೆದ ಅಫಿಡವಿಟ್ಟು ಬೇಕು. ಅದರಲ್ಲಿ ಒಂದು ಖಾನೆಯನ್ನೂ ಖಾಲಿ ಬಿಡಬೇಡಿ. ಏನೂ ಇಲ್ಲದಿದ್ದರೆ "ಇಲ್ಲ" ಎಂದು ಬರೆಯಿರಿ. ನಾಮಪತ್ರವನ್ನು ಕೊನೆಯ ದಿನ ಮಧ್ಯಾಹ್ನ ಡೊಳ್ಳು ಬಾರಿಸಿಕೊಂಡು ಹೋಗಿ ಕೊಡುವುದು ನೋಡಲು ಚೆಂದ. ತಪ್ಪಿದ್ದರೆ ತಿದ್ದಲು ಹೊತ್ತು ಇರುವುದಿಲ್ಲ. ಎರಡು ದಿನ ಮೊದಲೇ ಕೊಡಿ.

ಮತದಾರರ ಪಟ್ಟಿ ನೋಡುವ ಕೆಲಸವನ್ನು ಇನ್ನೂ ಮೊದಲೇ ಶುರು ಮಾಡಿ. ವಿಧಾನಸಭೆಯ ಪಟ್ಟಿಯನ್ನೇ ವಾರ್ಡಿನ ಪ್ರಕಾರ ಒಡೆದು ಪುರಸಭೆ ಪಟ್ಟಿ ಮಾಡುತ್ತಾರೆ. ಒಡೆಯುವಾಗ ಒಂದೇ ಮನೆಯ ಅಣ್ಣ ಏಳನೇ ವಾರ್ಡಿಗೆ, ತಮ್ಮ ಎಂಟನೇ ವಾರ್ಡಿಗೆ ಹೋಗಿರುತ್ತಾನೆ. ಕರಡು ಪಟ್ಟಿ ಹಿಡಿದು ಮನೆ ಮನೆಗೆ ಹೋಗಿ. ಹೊಸ ಹೆಸರಿಗೆ ನಮೂನೆ 6, ವಿಳಾಸ ಬದಲಾವಣೆಗೆ ನಮೂನೆ 8 ತುಂಬಿಸಿ. ಮುನ್ನೂರು ಮತಕ್ಕೆ ಗೆಲ್ಲುವ ಕಡೆ ಮೂವತ್ತು ಹೆಸರು ಸರಿಹೋದರೆ ಅದು ಸಣ್ಣದಲ್ಲ. ಪಟ್ಟಿ ನೆಪದಲ್ಲಿ ಪ್ರತಿ ಮನೆಯ ಪರಿಚಯವೂ ಆಗುತ್ತದೆ.

ಒಂದು ವರ್ಷ ಮೊದಲು: ನೋಟ್‌ಬುಕ್ ಹಿಡಿದು ನಡೆಯಿರಿ

ಉಳಿದ ಕೆಲಸವನ್ನು ಯಾರಾದರೂ ಮಾಡಿಕೊಡಬಹುದು, ಇದನ್ನು ಮಾತ್ರ ನೀವೇ ಮಾಡಬೇಕು.

ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ಓಣಿಗೆ ನಾಲ್ಕು ಪುಟ. ನೀರು ಯಾವ ದಿನ ಬರುತ್ತದೆ, ಎಷ್ಟು ತಾಸು, ಕೊನೆಯ ಮನೆಗೆ ತಲುಪುತ್ತದೋ ಇಲ್ಲವೋ. ಯಾವ ಕಂಬದಲ್ಲಿ ದೀಪ ಇಲ್ಲ, ಕಂಬದ ನಂಬರ್ ಎಷ್ಟು. ಗಟಾರದ ನೀರು ಎತ್ತ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ. ಕಸದ ಗಾಡಿ ಯಾವ ತಿರುವಿನಿಂದ ವಾಪಸ್ ಹೋಗುತ್ತದೆ. ಯಾರ ಮನೆಗೆ ಖಾತೆ ಆಗಿಲ್ಲ.

ಒಂದೇ ಹೊತ್ತಿಗೆ ಹೋದರೆ ಪ್ರಯೋಜನವಿಲ್ಲ. ನೀರು ಬಿಡುವ ದಿನ ಬೆಳಗಿನ ಐದಕ್ಕೆ ಹೋಗಿ. ರಾತ್ರಿ ಎಂಟಕ್ಕೆ ದೀಪ ನೋಡಲು ಹೋಗಿ. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಅರ್ಧ ತಾಸಿಗೆ ಛತ್ರಿ ಹಿಡಿದು ಹೊರಡಿ. ವಾರ್ಡಿನ ನಿಜವಾದ ನಕಾಶೆ ಆಗ ಕಾಣುತ್ತದೆ.

ಮಾತಾಡಲೇಬೇಕಾದವರ ಪಟ್ಟಿಯಲ್ಲಿ ಮೊದಲು ನೀರು ಬಿಡುವ ವಾಲ್ವ್‌ಮನ್. ಯಾವ ವಾಲ್ವ್ ಕೆಟ್ಟಿದೆ, ಯಾರು ಪೈಪಿಗೆ ನೇರ ಮೋಟಾರು ಹಚ್ಚುತ್ತಾರೆ ಎಂದು ಅವನಷ್ಟು ಎಂಜಿನಿಯರಿಗೂ ಗೊತ್ತಿರುವುದಿಲ್ಲ. ಆಮೇಲೆ ಪೌರಕಾರ್ಮಿಕರು. ಆಮೇಲೆ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್. ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ ಎಂದು ಅವರಿಗೆ ಗೊತ್ತು. ಕಟ್ಟೆ ಮೇಲೆ ಕೂರುವ ಹಿರಿಯರ ಮಾತೂ ಬೇಕು. ಆದರೆ ಅವರದ್ದನ್ನೇ ಇಡೀ ಓಣಿಯ ಮಾತು ಅಂದುಕೊಳ್ಳಬೇಡಿ. ಹೆಂಗಸರು ಆ ಕಟ್ಟೆಗೆ ಬರುವುದಿಲ್ಲ, ಅಲ್ವಾ?

ಮೊದಲ ಚುನಾವಣೆಯಲ್ಲಿ ನಾವು ಇದನ್ನೆಲ್ಲ ಮಾಡಿರಲಿಲ್ಲ. ಕರಪತ್ರದ ತಲೆ ಮೇಲೆ ದಪ್ಪ ಅಕ್ಷರದಲ್ಲಿ "24 ಗಂಟೆ ಕುಡಿಯುವ ನೀರು" ಎಂದು ಅಚ್ಚು ಹಾಕಿಸಿದ್ದೆವು. ಐದು ದಿನಕ್ಕೊಮ್ಮೆ ನೀರು ಬರುವ ಓಣಿ ಅದು. ಅಲ್ಲಿ ಕೂಲಿಗೆ ಹೋಗುವ ಒಬ್ಬ ಅಜ್ಜಿ ಕರಪತ್ರ ಓದಿಸಿ ಕೇಳಿಕೊಂಡು ಹೇಳಿದರು: "ತಮ್ಮಾ, 24 ತಾಸಿನ ನೀರು ನನಗ್ಯಾಕ? ಯಾವ ದಿನ, ಎಷ್ಟಕ್ಕ ಬರ್ತೈತಿ ಅಂತ ಒಂದು ಮಾತು ಹೇಳ್ರಿ. ಕೂಲಿ ಬಿಟ್ಟು ಮನ್ಯಾಗ ಕಾಯೋದು ತಪ್ತೈತಿ."

ನಾವು ನಕ್ಕು ಮುಂದೆ ಹೋದೆವು. ಆ ಓಣಿಯಲ್ಲೇ ಸೋತೆವು.

ಆಮೇಲೆ ಕೂತು ಯೋಚಿಸಿದೆವು. 24 ಗಂಟೆ ನೀರಿಗೆ ಹೊಸ ಟ್ಯಾಂಕು ಬೇಕು, ಹೊಸ ಪೈಪು ಬೇಕು, ನಗರ ನೀರು ಸರಬರಾಜು ಮಂಡಳಿ ಬೇಕು, ಕೋಟಿಗಟ್ಟಲೆ ಹಣ ಬೇಕು. ಒಬ್ಬ ವಾರ್ಡ್ ಸದಸ್ಯನಿಂದ ಆಗುವ ಕೆಲಸವಲ್ಲ. ಅಜ್ಜಿ ಕೇಳಿದ್ದಕ್ಕೆ ಒಂದು ವೇಳಾಪಟ್ಟಿ ಸಾಕು. ಅದಕ್ಕೆ ಒಂದು ಪೈಸೆ ಅನುದಾನ ಬೇಡ.

ಯಾರ ಕೈಯಲ್ಲಿ ಏನಿದೆ?

ಜನ ನಿಮ್ಮ ಹತ್ತಿರ ಮೊದಲು ಕೇಳುವುದು ರೇಷನ್ ಕಾರ್ಡು, ವೃದ್ಧಾಪ್ಯ ವೇತನ, ಬಸ್ಸು, ಶಾಲೆಗೆ ಮೇಷ್ಟ್ರು. ಇವು ಯಾವುವೂ ಪುರಸಭೆಯವಲ್ಲ. ಊರ ನಡುವಿನ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು. ಬೀದಿದೀಪದ ಬಲ್ಬು ಪುರಸಭೆಯದು, ಕಂಬ ಮತ್ತು ತಂತಿ ವಿದ್ಯುತ್ ಕಂಪನಿಯದು. "ಮಾಡಿಸಿಕೊಡ್ತೀನಿ" ಎಂದು ಎಲ್ಲದಕ್ಕೂ ತಲೆ ಆಡಿಸಬೇಡಿ. "ಇದು ನಾಡಕಚೇರಿ ಕೆಲಸ, ಅರ್ಜಿ ನಾನು ಬರೆದುಕೊಡ್ತೀನಿ" ಎಂದರೆ ಜನ ನಂಬುತ್ತಾರೆ.

ಪುರಸಭೆಯದು ಎಂದರೆ ನೀರು, ಗಟಾರ, ಕಸ, ಬೀದಿದೀಪ, ಒಳರಸ್ತೆ, ಖಾತೆ, ಸಂತೆ, ಮಳಿಗೆ, ಪಾರ್ಕು, ಸ್ಮಶಾನ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತಕ್ಕೆ 18 ವಿಷಯಗಳ ಪಟ್ಟಿ ಕೊಟ್ಟಿದೆ. ಪಟ್ಟಿ ಉದ್ದ ಇದೆ, ಕೈಗೆ ಬಂದಿರುವುದು ಗಿಡ್ಡ.

ಹಣ ಎಲ್ಲಿಂದ ಬರುತ್ತದೆ ಎಂದೂ ತಿಳಿದಿರಲಿ. ಮನೆ ಕಂದಾಯ, ನೀರಿನ ಕರ, ಮಳಿಗೆ ಬಾಡಿಗೆ ಪುರಸಭೆಯ ಸ್ವಂತದ್ದು. ರಾಜ್ಯದಿಂದ ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ಅನುದಾನ, ಕೇಂದ್ರದಿಂದ ಹಣಕಾಸು ಆಯೋಗದ್ದು. ನಗರೋತ್ಥಾನ, ಅಮೃತ್‌ನಂಥ ಯೋಜನೆಗಳು ಬೇರೆ. 15ನೇ ಹಣಕಾಸು ಆಯೋಗ ನಮ್ಮಂಥ ಊರುಗಳಿಗೆ ಕೊಟ್ಟ ಹಣದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕೆಂದು ಕಟ್ಟು ಹಾಕಿತ್ತು. ಅದನ್ನು ತೋರಿಸಿ ಸಮುದಾಯ ಭವನ ಕಟ್ಟಿಸುತ್ತೇನೆ ಎಂದವರು ಸುಮ್ನೆ ಹೇಳಿದ್ದು.

ಇನ್ನೊಂದು ಸಂಖ್ಯೆ ಬಾಯಿಪಾಠ ಮಾಡಿ: 24.10, 7.25, 5. ಪುರಸಭೆ ಹಣದಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಶೇ 24.10, ಇತರೆ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎತ್ತಿಡಬೇಕು. ವಿದ್ಯಾರ್ಥಿಗಳಿಗೆ ಸಹಾಯಧನ, ಹೊಲಿಗೆ ಯಂತ್ರ, ಆಸ್ಪತ್ರೆ ಖರ್ಚು ಇದರಲ್ಲೇ ಬರುತ್ತವೆ. ಅರ್ಜಿ ಕರೆದದ್ದು ಎಷ್ಟೋ ಮನೆಗೆ ತಿಳಿಯುವುದೇ ಇಲ್ಲ. ತಿಳಿಸುವ ಕೆಲಸ ಗೆಲ್ಲುವ ಮೊದಲೇ ಮಾಡಬಹುದು.

ಕಳೆದ ಮೂರು ವರ್ಷದ ಕ್ರಿಯಾ ಯೋಜನೆಯಲ್ಲಿ ನಿಮ್ಮ ವಾರ್ಡಿಗೆ ಏನು ಬಂತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು. ಎರಡು ವಿಷಯ ಸೇರಿಸಿದ ನಮ್ಮ ಮೊದಲ ಅರ್ಜಿ ಹಾಗೇ ವಾಪಸ್ ಬಂದಿತ್ತು.

ಊರು ಬೆಳೆಯಲಿ, ಆದರೆ ಯಾರಿಗಾಗಿ?

"ಅಭಿವೃದ್ಧಿ" ಎಂದರೆ ನಮ್ಮಲ್ಲಿ ಸಿಸಿ ರಸ್ತೆ ಮತ್ತು ಪೇವರ್ ಎಂದಾಗಿಬಿಟ್ಟಿದೆ. ರಸ್ತೆ ಬೇಕು ನಿಜ. ಆದರೆ ಯುಜಿಡಿ (ನೆಲದಡಿಯ ಒಳಚರಂಡಿ) ಪೈಪು ಹಾಕುವ ಮೊದಲೇ ಕಾಂಕ್ರೀಟ್ ಸುರಿದು, ಮರುವರ್ಷ ಅದನ್ನೇ ಅಗೆಯುವುದನ್ನು ನೀವೂ ನೋಡಿದ್ದೀರಿ. "ಮೊದಲು ನೆಲದ ಕೆಳಗಿನದು, ಆಮೇಲೆ ಮೇಲಿನದು" ಎಂಬ ಒಂದೇ ಸಾಲಿಗೆ ನಮ್ಮ ವಾರ್ಡಿನಲ್ಲಿ ಒಳ್ಳೆಯ ಹೆಸರು ಬಂತು.

ಊರಂಚಿನ ಹೊಸ ಬಡಾವಣೆಗಳ ಕಥೆ ಬೇರೆ. ನಿವೇಶನ ಮಾರಿದವರು ರಸ್ತೆ, ಗಟಾರ ಅರ್ಧಕ್ಕೆ ಬಿಟ್ಟು ಹೋಗಿರುತ್ತಾರೆ. ಬಡಾವಣೆ ಪುರಸಭೆಗೆ ಹಸ್ತಾಂತರ ಆಗಿರುವುದಿಲ್ಲ. ಹಾಗಾಗಿ ಕಸದ ಗಾಡಿಯೂ ಬರುವುದಿಲ್ಲ, ಬೀದಿದೀಪವೂ ಇಲ್ಲ. ಅಲ್ಲಿ ಹೋಗಿ ದೀಪದ ಭರವಸೆ ಕೊಡುವ ಮೊದಲು ಹಸ್ತಾಂತರದ ಕಡತ ಯಾವ ಟೇಬಲ್ ಮೇಲಿದೆ ಎಂದು ಪತ್ತೆ ಮಾಡಿ. ಪಾರ್ಕಿಗೆ, ಸಿಎ (ನಾಗರಿಕ ಸೌಲಭ್ಯ) ನಿವೇಶನಕ್ಕೆ ನಕ್ಷೆಯಲ್ಲಿ ಬಿಟ್ಟ ಜಾಗ ಈಗಲೂ ಖಾಲಿ ಇದೆಯೇ ಎಂದು ನಕ್ಷೆ ಹಿಡಿದು ಹೋಗಿ ನೋಡಿ. ಕೆಲವು ಕಡೆ ಅಲ್ಲಿ ಮನೆ ಎದ್ದಿರುತ್ತದೆ.

ಸಂತೆ ಮೈದಾನದಲ್ಲಿ ವಾಣಿಜ್ಯ ಮಳಿಗೆ ಕಟ್ಟುವ ಯೋಚನೆ ಎಲ್ಲ ಊರಲ್ಲೂ ಇದೆ. ಬಾಡಿಗೆ ಬರುತ್ತದೆ, ಪುರಸಭೆಗೆ ಆದಾಯ. ನಾನು ಅದಕ್ಕೆ ವಿರೋಧಿಯಲ್ಲ. ಆದರೆ ಹರಾಜಿನಲ್ಲಿ ಮಳಿಗೆ ಹಿಡಿಯುವವರು ಬೇರೆ, ಅಲ್ಲಿ ಇಪ್ಪತ್ತು ವರ್ಷದಿಂದ ಸೊಪ್ಪು ಮಾರುವವರು ಬೇರೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಊರಲ್ಲಿ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ 40 ಸದಸ್ಯರು ವ್ಯಾಪಾರಿಗಳೇ ಆಗಿರಬೇಕು. ಆ ಸಮಿತಿ ಕಡೆಯ ಸಲ ಯಾವಾಗ ಸೇರಿತ್ತು ಎಂದು ಕೇಳಿ. ಈ ಒಂದು ಪ್ರಶ್ನೆಗೆ ಸಂತೆಯ ಹೆಂಗಸರು ನಮ್ಮನ್ನು ಕೂರಿಸಿ ಚಹಾ ಕೊಟ್ಟರು.

ಇನ್ನು ಪ್ರಣಾಳಿಕೆ. ಒಂದು ಪುಟ ಮೀರಬಾರದು. ಐದು ಕೆಲಸ ಸಾಕು. ಪ್ರತಿಯೊಂದರ ಮುಂದೆ ಓಣಿಯ ಹೆಸರು, ಯಾವ ಹಣದಲ್ಲಿ, ಎಷ್ಟು ತಿಂಗಳಲ್ಲಿ ಎಂದು ಬರೆಯಿರಿ. ನಮ್ಮ ಎರಡನೇ ಕರಪತ್ರದಲ್ಲಿ ಮೊದಲ ಸಾಲು ಹೀಗಿತ್ತು: "ಪ್ರತಿ ಓಣಿಯ ಗೋಡೆ ಮೇಲೆ ನೀರಿನ ವೇಳಾಪಟ್ಟಿ, ಮೂರು ತಿಂಗಳಲ್ಲಿ." ಕೊನೆಯ ಸಾಲು ಕೆಲವರಿಗೆ ಹಿಡಿಸಲಿಲ್ಲ: "ಏಪ್ರಿಲ್‌ನಲ್ಲೇ ಕಂದಾಯ ಕಟ್ಟಿ, ಶೇ 5 ರಿಯಾಯಿತಿ ಪಡೆಯಿರಿ. ಪುರಸಭೆಗೆ ಹಣ ಬಂದರೆ ಕೇಳುವ ಹಕ್ಕು ನಮ್ಮದು." ಮತ ಕೇಳಲು ಹೋದವರು ಕಂದಾಯದ ಮಾತೆತ್ತುವುದು ಹುಚ್ಚು ಎಂದರು. ನನಗೆ ಈಗಲೂ ಅದು ಸರಿ ಅನಿಸುತ್ತದೆ.

ಪಕ್ಷವೋ, ಪಕ್ಷೇತರವೋ

ಗ್ರಾಮ ಪಂಚಾಯಿತಿಯಂತಲ್ಲ, ಇಲ್ಲಿ ಪಕ್ಷದ ಚಿಹ್ನೆ ಇರುತ್ತದೆ. ಪಕ್ಷದ ಅಧಿಕೃತ ಅಭ್ಯರ್ಥಿ ಎಂದು ಹೇಳುವ ಬಿ-ಫಾರಂ ಸಿಕ್ಕರೆ ಚಿಹ್ನೆಯನ್ನು ಪರಿಚಯಿಸುವ ಕಷ್ಟ ಇಲ್ಲ, ಶಾಸಕರ ಕಡೆಯ ಬಲವೂ ಸಿಗುತ್ತದೆ. ಆದರೆ 1987ರ ಪಕ್ಷಾಂತರ ನಿಷೇಧ ಕಾಯ್ದೆ ಸ್ಥಳೀಯ ಸಂಸ್ಥೆಗಳಿಗೂ ಇದೆ. ಅಧ್ಯಕ್ಷರ ಚುನಾವಣೆಯಲ್ಲಿ ಪಕ್ಷದ ವಿಪ್ (ಇಂಥವರಿಗೇ ಮತ ಹಾಕಿ ಎಂಬ ಆದೇಶ) ಮೀರಿದರೆ ಸದಸ್ಯತ್ವ ಹೋಗಬಹುದು. ಪಕ್ಷೇತರರಿಗೆ ಆ ಕಟ್ಟಿಲ್ಲ. ಅವರಿಗೆ ಕಷ್ಟ ಎಂದರೆ ಚಿಹ್ನೆ. ಅದು ಸಿಗುವುದೇ ನಾಮಪತ್ರ ವಾಪಸಾತಿ ಮುಗಿದ ಮೇಲೆ, ಉಳಿಯುವ ಕೆಲವೇ ದಿನದಲ್ಲಿ ಅದನ್ನು ಪ್ರತಿ ಅಜ್ಜಿಯ ಕಣ್ಣಿಗೆ ಕೂರಿಸಬೇಕು. ಗೆಳೆಯನಿಗೆ ಒಂದು ಅಡುಗೆಮನೆ ಸಾಮಾನು ಸಿಕ್ಕಿತ್ತು. ಅದನ್ನೇ ಕೈಯಲ್ಲಿ ಹಿಡಿದು ತಿರುಗಿದೆವು. ಹುಡುಗರು ನಕ್ಕರು, ಆದರೆ ನೆನಪಿಟ್ಟುಕೊಂಡರು.

ದುಡ್ಡಿನ ಮಾತು

2018ರ ಚುನಾವಣೆಯಲ್ಲಿ ಖರ್ಚಿನ ಮಿತಿ ನಗರಸಭೆಗೆ 2 ಲಕ್ಷ, ಪುರಸಭೆಗೆ ಒಂದೂವರೆ ಲಕ್ಷ, ಪಟ್ಟಣ ಪಂಚಾಯಿತಿಗೆ 1 ಲಕ್ಷ ರೂಪಾಯಿ ಇತ್ತು. ನಮ್ಮ ಖರ್ಚು ಕರಪತ್ರ, ಆಟೊ, ಮೈಕು, ಹುಡುಗರ ಊಟಕ್ಕೆ ಮುಗಿಯಿತು. ದಿನವೂ ರಾತ್ರಿ ಲೆಕ್ಕ ಬರೆಯಿರಿ, ರಸೀದಿ ಅಂಟಿಸಿ. ಫಲಿತಾಂಶ ಬಂದ 30 ದಿನದಲ್ಲಿ ಲೆಕ್ಕ ಕೊಡಬೇಕು, ಸೋತವರೂ ಕೊಡಬೇಕು.

ಮತಕ್ಕೆ ನೋಟು ಹಂಚುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. ನಾವು ಕೊಡುವುದಿಲ್ಲ ಎಂದು ಮೊದಲ ದಿನವೇ ಹೇಳಿದೆವು. ಕೆಲವು ಬಾಗಿಲು ಮುಚ್ಚಿದವು. ಅದನ್ನು ಮರೆಮಾಚಿ "ಜನ ಬದಲಾಗಿದ್ದಾರೆ" ಎಂದು ನಾನು ಬರೆಯಲಾರೆ. ಆದರೆ ಎದುರಾಳಿಯ ನೋಟು ತೆಗೆದುಕೊಂಡು ನಮಗೆ ಮತ ಹಾಕಿದ ಮನೆಗಳೂ ಇದ್ದವು. ಅವರೇ ಆಮೇಲೆ ಹೇಳಿದರು.

ಕೊನೆಯ ಮೂರು ವಾರ

ಅಧಿಸೂಚನೆಯಿಂದ ಮತದಾನದವರೆಗೆ ಮೂರು ವಾರ ಸಿಕ್ಕರೆ ಹೆಚ್ಚು. ಅದರಲ್ಲಿ ನಾಮಪತ್ರ, ಪರಿಶೀಲನೆ, ವಾಪಸಾತಿ ಕಳೆದರೆ ಪ್ರಚಾರಕ್ಕೆ ಉಳಿಯುವುದು ಹತ್ತು ದಿನದ ಆಸುಪಾಸು. ಪ್ರತಿ ಮನೆಗೂ ಎರಡು ಸಲ ಹೋಗಿ. ಮೊದಲ ಸಲ ಕೇಳಲು, ಎರಡನೇ ಸಲ ನೀವು ಕೇಳಿಸಿಕೊಂಡದ್ದನ್ನು ಅವರಿಗೇ ಓದಿ ಹೇಳಲು. ಬೆಳಗ್ಗೆ ಏಳರಿಂದ ಒಂಬತ್ತು, ಸಂಜೆ ಆರರಿಂದ ಒಂಬತ್ತು. ಹಗಲಲ್ಲಿ ಹೋದರೆ ಬೀಗ ಮಾತ್ರ ಸಿಗುತ್ತದೆ. ರಾತ್ರಿ ಹತ್ತರ ಮೇಲೆ ಮೈಕ್ ಹಚ್ಚಬೇಡಿ. ಗುಡಿ, ಮಸೀದಿ ಒಳಗೆ ಮತ ಕೇಳಬೇಡಿ.

ಮತದಾನದ ದಿನ ನಂಬಿಕೆಯ ಇಬ್ಬರು ಏಜೆಂಟರು ಸಾಕು. ಅಣಕು ಮತದಾನದ ಹೊತ್ತಿಗೆ ಅವರು ಬೂತಿನಲ್ಲಿರಬೇಕು. ಹೊರಗಿನವರು ಪಟ್ಟಿ ಹಿಡಿದು, ಇನ್ನೂ ಬರದ ಮನೆಗಳಿಗೆ ಮಧ್ಯಾಹ್ನ ಎರಡರ ಮೇಲೆ ಹೋಗಲಿ.

ಗೆದ್ದ ಮೇಲೆ

2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ ಆಯಿತು. ಗೆದ್ದವರಲ್ಲಿ ಬಹಳ ಜನ ಎರಡು ವರ್ಷ ಸುಮ್ನೆ ಕೂರಬೇಕಾಯಿತು. ಅಧ್ಯಕ್ಷ ಸ್ಥಾನದ ಮೀಸಲಾತಿ ಜಗಳ ಕೋರ್ಟು ಹತ್ತಿ, ಆಡಳಿತಾಧಿಕಾರಿಯ ಕೈಯಲ್ಲೇ ಪುರಸಭೆ ಉಳಿಯಿತು. ಎರಡನೇ ಅವಧಿಗೂ ಹೀಗೇ ತಡ. ಬೆಂಗಳೂರಲ್ಲಿ ಬಿಬಿಎಂಪಿ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಅದಕ್ಕೆ ಮತ್ತೆ ಚುನಾವಣೆಯೇ ಆಗಲಿಲ್ಲ. 2025ರಲ್ಲಿ ಅದು ಐದು ಪಾಲಿಕೆಗಳಾಗಿ ಒಡೆಯಿತು. ಹೀಗಾಗಿ ಗೆದ್ದ ಮರುದಿನವೇ ಅಧಿಕಾರ ಸಿಗುತ್ತದೆ ಎಂದು ಜನರಿಗೂ ಹೇಳಬೇಡಿ, ನೀವೂ ನಂಬಬೇಡಿ.

ಅಧ್ಯಕ್ಷರ ಅವಧಿ 30 ತಿಂಗಳು. ಆ ಚುನಾವಣೆಯಲ್ಲಿ ಸದಸ್ಯರ ಜೊತೆ ಶಾಸಕರಿಗೂ ಸಂಸದರಿಗೂ ಮತ ಇದೆ, ಸರ್ಕಾರ ನಾಮನಿರ್ದೇಶನ ಮಾಡಿದ ಸದಸ್ಯರಿಗೆ ಇಲ್ಲ. ಈ ಗದ್ದಲದಲ್ಲಿ ರೆಸಾರ್ಟಿಗೆ ಹೋಗಲು ಕರೆ ಬರಬಹುದು. ಹೋಗುವುದು ಬಿಡುವುದು ನಿಮಗೆ ಬಿಟ್ಟದ್ದು. ಓಣಿಯಲ್ಲಿ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

ಮೊದಲ ಸಾಮಾನ್ಯ ಸಭೆಗೆ ಹೋಗುವ ಮೊದಲು ಹಿಂದಿನ ಆರು ಸಭೆಯ ನಡಾವಳಿ ಓದಿ. ನಿಮ್ಮ ವಿಷಯವನ್ನು ಬರವಣಿಗೆಯಲ್ಲಿ ಮುಖ್ಯಾಧಿಕಾರಿಗೆ ಮುಂಚೆಯೇ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಬಾಯಲ್ಲಿ ಕೂಗಿದ್ದು ಪತ್ರಿಕೆಯಲ್ಲಿ ಬರಬಹುದು, ನಡಾವಳಿಯಲ್ಲಿ ಬರುವುದಿಲ್ಲ. ಮೂರು ಲಕ್ಷಕ್ಕಿಂತ ಕಡಿಮೆ ಜನರ ಊರಿಗೆ ಸಂವಿಧಾನ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿಲ್ಲ. ಅದಕ್ಕೆ ಕಾಯಬೇಡಿ. ತಿಂಗಳಿಗೊಮ್ಮೆ ಅಂಗನವಾಡಿ ಮುಂದೆ ನೀವೇ ಸಭೆ ಕರೆಯಿರಿ. ನೋಟ್‌ಬುಕ್ ತೆಗೆದುಕೊಂಡು ಹೋಗಿ.

ಗೆಳೆಯ ನೀರಿನ ವೇಳಾಪಟ್ಟಿಯನ್ನು ಗೋಡೆ ಮೇಲೆ ಬರೆಸಲು ಮೂರು ತಿಂಗಳು ಎಂದಿದ್ದ, ಐದು ತಿಂಗಳು ಹಿಡಿಯಿತು. ವಾಲ್ವ್‌ಮನ್ ಒಪ್ಪಿರಲಿಲ್ಲ. "ಬರೆದರೆ ಬಂದು ನನ್ನ ಕೊರಳಪಟ್ಟಿ ಹಿಡೀತಾರೆ" ಎಂದು ಅವನ ವಾದ. ಕೊನೆಗೆ ವೇಳಾಪಟ್ಟಿಯ ಕೆಳಗೆ ಅವನ ನಂಬರ್ ಬದಲು ಗೆಳೆಯನ ಫೋನ್ ನಂಬರ್ ಹಾಕಿದ ಮೇಲೆ ಒಪ್ಪಿದ. ಈಗಲೂ ಕರೆಂಟು ಹೋದ ದಿನ ನೀರು ತಪ್ಪುತ್ತದೆ. ಆ ದಿನ ಬೆಳಗ್ಗೆ ಐದೂಕಾಲಕ್ಕೆ ಅವನ ಫೋನ್ ಹೊಡೆದುಕೊಳ್ಳಲು ಶುರು. ಮೊದಲ ಫೋನು ಆ ಅಜ್ಜಿಯದೇ.